ತಿರುವಿಗೆ ಎಂಬತ್ತು ಲಕ್ಷ

ಫೆಬ್ರವರಿ 6, ಮಂಗಳವಾರ
ಪರಶುರಾಂಪುರ ಸೈಟ್ ಆಫೀಸ್. ಟವರ್ 41ರಿಂದ 46, ಮತ್ತೆ ಅಳತೆ. ಸೋಲಾರ್ ಕರೆಂಟನ್ನ ಬೆಂಗಳೂರಿಗೆ ಒಯ್ಯೋ ಲೈನು. 44ರ ಹತ್ರ ತಂತಿ ಸೂರಮ್ಮ ಅನ್ನೋ ಮುದುಕಿ ಮನೆ ಮೇಲೇ ಹೋಗ್ತೈತೆ. ಲೈನಿನ ಕೆಳಗೆ ಮನೆ ಇರಂಗಿಲ್ಲ. ಸ್ವಲ್ಪ ಬಾಗಿಸಿದ್ರೆ ಉಳಿಯುತ್ತೆ. ನಕ್ಷೆ ಬರೆದು ಮ್ಯಾನೇಜರ್ ಈರೇಶ್ ಸರ್‌ಗೆ ಕೊಟ್ಟೆ. ನಕ್ಕರು.

"ತೇಜಶ್ರೀ, ಇಲ್ಲಿ ಬಿಸಿಲು ಪುಕ್ಕಟೆ. ಸಾಗಿಸೋದೇ ದುಬಾರಿ. ಬಾಗಿಸಿದ್ರೆ ಮೂರು ದಪ್ಪ ಟವರ್ ಜಾಸ್ತಿ, ಎಂಬತ್ತು ಲಕ್ಷ. ಮುದುಕಿ ಮನೆಗೆ ಎರಡೇ ಲಕ್ಷ ಪರಿಹಾರ. ನೀನೇ ಹೋಗಿ ಒಪ್ಪಿಗೆ ತಗೊಂಡು ಬಾ. ಈ ಕಡೆಯೋಳು... ನಂಬ್ತಾಳೆ."

ಫೆ. 9
ಹೋದೆ. ಇದೇ ತಾಲೂಕಿನ ನನ್ನಿವಾಳದೋಳು ಅಂದಕೂಡ್ಲೇ ಸೂರಮ್ಮ ಕಂಬಳಿ ಹಾಸಿದ್ಲು. ಮಗ ಪಾಲಣ್ಣ ನಿಂತೇ ಇದ್ದ.

"ಮನೆ ಹೋಗ್ತೈತಾ, ಅದನ್ನ ಹೇಳ್ರಿ."

"ಇಲ್ಲಣ್ಣ. ತಂತಿ ಮೇಲೆ ಹೋಗ್ತೈತೆ, ಅಷ್ಟೇ."

ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಸೂರಮ್ಮ ಗದರಿದ್ಲು: "ಸುಮ್ನಿರಲೇ. ನಮ್ಮ ಕಡೆ ಹುಡುಗಿ ಸುಳ್ಳು ಹೇಳ್ತಾಳೇನು?"

ಮನೆ ಬಿಟ್ಟುಕೊಡೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ಲು. ಓದಿ ಹೇಳು ಅಂತಾನೂ ಕೇಳ್ಲಿಲ್ಲ.

ಸಂಜೆ ಸರ್ ಮೆಸೇಜ್ — ಕೆಲ್ಸ ಪರ್ಮನೆಂಟ್ ಆಗುತ್ತಂತೆ.

ಮಾರ್ಚ್ 14
ಜೆಸಿಬಿ ಹೋಯ್ತು. ಜೊತೆಗೆ ಕಂಪನಿ ಆಳುಗಳು, ಎಂಟು ಜನ. ಸೂರಮ್ಮ ಹೊಸ್ತಿಲು ಬಿಟ್ಟು ಏಳ್ಲಿಲ್ಲ. ಪಾಲಣ್ಣ ಕಲ್ಲೆತ್ತಿದ. ಆಳುಗಳು ಅವನನ್ನ ಕೆಡವಿ ಬಡಿದ್ರು. ಮೊಣಕಾಲಿಗೆ.

ಬಿದ್ದಲ್ಲಿಂದ್ಲೇ ಪಾಲಣ್ಣ ಕೂಗಿದ: "ಆ ಹುಡುಗೀನ ಕೇಳ್ರಿ! ಮನೆ ಹೋಗಲ್ಲ ಅಂದಿದ್ಲು!"

ಸರ್ ನನ್ನ ಕಡೆ ನೋಡಿದ್ರು. ಎಲ್ರೂ ನೋಡಿದ್ರು.

"ನಾನು ಹಂಗಂದಿಲ್ಲ. ಕಾಗದದಲ್ಲಿ ಎಲ್ಲಾ ಐತೆ."

ಸೂರಮ್ಮ ಬಯ್ತಾಳೆ ಅಂದ್ಕೊಂಡೆ. ಬಯ್ಯಲಿಲ್ಲ. ತಾನೇ ಎದ್ದು ಪಾತ್ರೆ ಹೊರಗಿಟ್ಲು. ಆಮೇಲೆ ಮನೆ ನೆಲಸಮ ಆಗೋಕೆ ಇಪ್ಪತ್ತು ನಿಮಿಷ, ಅಷ್ಟೇ.

ನವೆಂಬರ್ 20
ಲೈನ್ ಚಾರ್ಜ್ ಆತು, ತಂತೀಲಿ ಕರೆಂಟ್ ಹರೀತು. ಸ್ವೀಟ್ ಹಂಚಿದ್ರು. ಸರ್ ಮೈಕ್‌ನಲ್ಲಿ: "ಎಂಬತ್ತು ಲಕ್ಷ ಉಳಿಸಿದ ಹುಡುಗಿ!" ಚಪ್ಪಾಳೆ. ನಾನೂ ನಕ್ಕೆ. ಫೋಟೋದಲ್ಲಿ ಚೆನ್ನಾಗೇ ಬಂದಿದೀನಿ.

ಡಿಸೆಂಬರ್ 2, ಬೆಳಿಗ್ಗೆ 11
ಪಾಲಣ್ಣ ಮತ್ತೆ ನಡೀಲೇ ಇಲ್ಲವಂತೆ. ಕುರಿ ಮೇಯಿಸೋರಿಲ್ಲ, ಮಾರಿದ್ರಂತೆ. ವಾಚ್‌ಮನ್ ಚಿನ್ನಯ್ಯ ಹೇಳ್ದ, ಕೇಳದಿದ್ರೂ.

ಆಮೇಲೆ — "ಆ ಅಜ್ಜಿ ಗೇಟಿಗೆ ಬಂದೈತ್ರಿ ಮೇಡಂ. ಮಗನಿಗೆ ಇಲ್ಲೇ ಕೂತು ಮಾಡೋ ಕೆಲ್ಸ ಕೊಡಿಸ್ಬೇಕಂತೆ. ನಿಮ್ಮನ್ನೇ ಕೇಳ್ತೈತೆ."

"ನಾನಿಲ್ಲ ಅಂತ ಹೇಳು."

"ಕಿಟಕೀಲಿ ನಿಮ್ಮನ್ನ ನೋಡ್ತಾ ಐತಲ್ರಿ..."

ತಲೆ ಎತ್ತಿದೆ. ಸೂರಮ್ಮ. ಕೈ ಮುಗಿದು ನಿಂತಿದ್ಲು, ನನಗೆ. ಎದ್ದು ಪರದೆ ಎಳೆದೆ.