ಎಣ್ಣೆ ಗಿರಣಿಯಲ್ಲಿ ಸಿಟಿ ಮನೆ

ಸೌ. ಶಾರದಾನ ಅವ್ವಾ,

ಚಿ. ಸೌ. ಎಂದೇ ಬರೆಯಲು ಹೊರಟಿದ್ದೆ. ಆ ‘ಚಿ.’ ಹತ್ತಿರ ಪೆನ್ನು ನಿಂತುಬಿಟ್ಟಿತು. ಚಿರಂಜೀವಿ ಎಂದು ನಿನಗೆ ಈಗ ಯಾವ ಕೈಯಿಂದ ಬರೆಯಲಿ? ಸೌಭಾಗ್ಯವತಿಯಾಗಿ ಹೋದೆ, ಅದನ್ನಂತೂ ಯಾರೂ ಕಸಿದುಕೊಳ್ಳುವಂತಿಲ್ಲ. ಇಪ್ಪತ್ತೆಂಟು ವರ್ಷ ನಿನ್ನನ್ನು ಹೆಸರು ಹಿಡಿದು ಕರೆಯದವನು ಈಗ ಕಾಗದದ ಮೇಲೆ ಕರೆದರೆ ನೀನೇ ನಗುತ್ತೀ, ಇರಲಿ. ಮೂರು ವರ್ಷದ ಸುದ್ದಿ ಗುಡ್ಡೆ ಬಿದ್ದಿದೆ. ಒಂದನ್ನೇ ಬರೆಯುತ್ತೇನೆ. ನಿನ್ನ ಮಗಳು ನನ್ನನ್ನು ಎಣ್ಣೆ ಗಿರಣಿಯಲ್ಲಿ ಸಂಸಾರ ಹೂಡಲು ಕರೆದಳು. ನಾನು ಸಾಧ್ಯವಿಲ್ಲ ಎಂದೆ. ಆಮೇಲೆ ಏನಾಯಿತು ಎಂಬುದೇ ಈ ಕಾಗದ.

ನೀನು ಮೊದಲ ಸಲ ಗಿರಣಿಗೆ ಬಂದದ್ದು ನೆನಪಿದೆಯೇ? ಮದುವೆಯಾಗಿ ಎಂಟು ದಿನವೂ ಆಗಿರಲಿಲ್ಲ, ನನಗೆ ಬುತ್ತಿ ತಂದಿದ್ದೆ. ಹೊಸಿಲು ದಾಟುತ್ತಲೇ ಕಾಲು ಜಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ‘ಇದೇನ್ರಿ, ನೆಲಕ್ಕನ ಒಗ್ಗರಣಿ ಹಾಕ್ಯಾರಲ್ಲ’ ಅಂದೆ. ಶಿಗ್ಗಾಂವಿ, ಸವಣೂರಿನಿಂದ ಶೇಂಗಾ, ಹಿರೇಕೆರೂರಿನ ಕಡೆಯಿಂದ ಕುಸುಬಿ, ಚಕ್ಕಡಿಗಳ ಸಾಲು ಹಾನಗಲ್ಲಿನ ಅಗಸಿ ಬಾಗಿಲು ಮುಟ್ಟುತ್ತಿತ್ತು. ಗುಮಾಸ್ತನಾದ ನಾನು ಮೂಲೆಯ ಟೇಬಲ್ಲಿಗೆ ಕೂತು, ಧಾರವಾಡದಲ್ಲಿ ಎರಡು ವರ್ಷ ಕಲಿತು ಅರ್ಧ ಮರೆತ ಇಂಗ್ಲಿಷಿನಲ್ಲಿ, ಬೆಲ್ಟು ಕಳಿಸಿರಿ, ಬೇರಿಂಗು ಕಳಿಸಿರಿ ಎಂದು ಕಂಪನಿಗಳಿಗೆ ‘ಐ ಬೆಗ್ ಟು ಸ್ಟೇಟ್’ ಕಾಗದ ಬರೆಯುತ್ತಿದ್ದೆ. ಆ ಇಂಗ್ಲಿಷಿಗೆ ಬೆಲ್ಟು ಬರುತ್ತಿತ್ತು, ಅದು ಬೇರೆ ಮಾತು. ಎಮರ್ಜನ್ಸಿ ಮುಗಿದ ವರ್ಷ ಗಿರಣಿ ನಿಂತಿತು. ಗಿರಣಿಯ ಹಿರಿಯ ಸಾವಕಾರರ ಉಸಿರೂ ಅದರ ಹಿಂದೆಯೇ ನಿಂತಿತು.

ಸಾವಕಾರರ ಮಗ ಮಹಾಂತೇಶ ಚಿಕ್ಕವನಿದ್ದಾಗ ಸೈಕಲ್ಲಿನಿಂದ ಬಿದ್ದು ಮೊಣಕಾಲಿಗೆ ಅರಿಸಿನ ಹಚ್ಚಿಸಿಕೊಳ್ಳಲು ನಮ್ಮ ಮನೆಗೇ ಬರುತ್ತಿದ್ದ. ಈಗ ಅವನಿಗೆ ಮೀಸೆ ಬಂದಿದೆ, ಬುದ್ಧಿ ಇನ್ನೂ ದಾರಿಯಲ್ಲಿದೆ. ಮುಂಬಯಿಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿ ಆರು ತಿಂಗಳು ಕೂತು ಉಂಡು ಬಂದ. ಬಂದವನೇ ನನ್ನನ್ನು ಕರೆಸಿದ. ‘ಕಾಕಾ, ಹಾನಗಲ್ಲ ಇನ್ನೂ ಎಷ್ಟ ದಿನಾ ಹಳ್ಳಿ ಆಗೇ ಇರಬೇಕ್ರಿ? ಗಿರಣಿ ಒಳಗ ಮನಿ ಮಾಡಸ್ತೇನಿ. ಸಿಟಿ ಮನಿ.’ ಎತ್ತರದ ತಗಡಿನ ಮಾಡಿನ ನಡುವೆ ಒಂದು ಸ್ಲ್ಯಾಬು ಹಾಕಿ, ಕೆಳಗೊಂದು ಮನೆ, ಮೇಲೊಂದು ಮನೆ. ಎರಡೇ ಮನೆ; ಆದರೂ ಬೋರ್ಡಿನ ಮೇಲೆ ‘ಸಿಟಿ ಹೋಮ್ಸ್’. ಗೋಡೆಗೆ ಗುಲಾಬಿ ಬಣ್ಣ. ಮೇಲಿನ ಮನೆಗೆ ಬಾಲ್ಕನಿ. ಮುಂಬಯಿಯಲ್ಲಿ ಬಾಲ್ಕನಿಯಿಂದ ಸಮುದ್ರ ಕಾಣುತ್ತದಂತೆ. ಇಲ್ಲಿ ದನದ ಸಂತೆ ಕಾಣುತ್ತದೆ. ಓಲ್ಡ್ ವೈನ್ ಇನ್ ನ್ಯೂ ಬಾಟಲ್ ಎಂದೋ, ನ್ಯೂ ವೈನ್ ಇನ್ ಓಲ್ಡ್ ಎಂದೋ ನಮ್ಮ ಪ್ರೊಫೆಸರರು ಏನೋ ಹೇಳುತ್ತಿದ್ದರು… ಇದು ಎರಡೂ ಅಲ್ಲ, ಹಿಂಡಿಯ ಚೀಲಕ್ಕೆ ಜರಿ ಅಂಚು.

ಗೌಂಡಿಗಳು ನೆಲಕ್ಕೆ ಮೊಸಾಯಿಕ್ ಬಿಲ್ಲೆ ಹಾಕುವ ದಿನ ನಾನು ಅಲ್ಲೇ ಇದ್ದೆ. ‘ತಮ್ಮಾ, ಮೂವತ್ತು ವರ್ಷ ಎಣ್ಣಿ ಕುಡದ ನೆಲಾ ಇದು. ಮೊಣಕಾಲುದ್ದ ಅಗದ ತಗಿ, ಹೊಸಾ ಮಣ್ಣ ಹಾಕು’ ಅಂದೆ. ಹುಬ್ಬಳ್ಳಿಯಿಂದ ಬಂದ ಇಂಜಿನಿಯರು, ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು, ‘ಸಿಮೆಂಟ ಎಲ್ಲಾನೂ ಹಿಡಿತೈತಿ, ಅಜ್ಜಾರ’ ಅಂದ. ಅಜ್ಜನಂತೆ. ಬೇಸಗೆ ಬಂತು, ನೆಲ ಬೆವರಿತು. ಬಿಲ್ಲೆಗಳು ಒಂದೊಂದಾಗಿ ಹಪ್ಪಳದ ಹಾಗೆ ಎದ್ದವು. ಸಂದಿನಿಂದ ಎಣ್ಣೆ, ಎಣ್ಣೆಯ ಹಿಂದೆ ಇರುವೆ. ಆಗ ನನ್ನನ್ನೇ ಕರೆದು, ಮುಂದೇನು ಮಾಡಬೇಕು ಎಂದು ಕೇಳಿದರು. ಒಗ್ಗರಣೆ ಹಾಕಿರಿ ಎಂದೆ. ಕೊನೆಗೆ ಅಗೆಸಿದರು, ಎರಡನೇ ಸಲ ಹಾಕಿಸಿದರು.

ಆದರೆ ಅವರ ನಿಜವಾದ ಪರಾಕ್ರಮ ಅದಲ್ಲ. ನಿನಗೆ ಎಂಜಿನ್ನಿನ ಕಟ್ಟೆ ಗೊತ್ತಲ್ಲ, ಎಂಜಿನ್ ಅಲುಗಬಾರದೆಂದು ಕಲ್ಲು ಗಾರೆ ತುಂಬಿ ಕಟ್ಟಿದ್ದು? ಮುಂಬಯಿಯಿಂದ ತಂದ ನಕಾಶೆಯ ಪ್ರಕಾರ ಎರಡೂ ಮನೆಗಳ ಪಾಯಖಾನೆ ಆ ಜಾಗದಲ್ಲೇ, ಒಂದರ ಮೇಲೊಂದು ಬರಬೇಕು. ಕೆಳಗಿನ ಕಟ್ಟೆಯನ್ನು ಒಡೆಯಲು ಹೋದರೆ ಸುತ್ತಿಗೆಯ ಹಿಡಿಕೆಗಳೇ ಮುರಿದವು. ಸರಿ, ಕೆಳಗಿನ ಮನೆಯ ಪಾಯಖಾನೆಯನ್ನು ಆ ಕಡೆಯ ಗೋಡೆಗೆ ಸರಿಸಿದರು. ಈ ಕಟ್ಟೆಯನ್ನು ಏನು ಮಾಡುವುದು? ಅನಾಯಾಸ ಎತ್ತರ ಜಾಗ ಸಿಕ್ಕಿದೆ, ದೇವರ ಜಗಲಿ ಮಾಡಿಬಿಡೋಣ ಎಂದರು. ಅಮೃತಶಿಲೆ ಹಾಕಿಸಿದರು, ಹಿಂದೆ ಓಂ ಬರೆಸಿದರು. ಮೇಲಿನದನ್ನು ಸರಿಸಲು ಯಾರಿಗೂ ನೆನಪಾಗಲಿಲ್ಲ. ಇಷ್ಟು ಜನ, ಇಷ್ಟು ಓದು, ಅಷ್ಟು ದೊಡ್ಡ ಕನ್ನಡಕ. ಒಬ್ಬನಾದರೂ ತಲೆ ಎತ್ತಿ ಮೇಲೆ ನೋಡಬಾರದೇ?

ನೋಡಿದವಳು ರಟ್ಟೀಹಳ್ಳಿಯ ಅರಿವೆ ಅಂಗಡಿಯವರ ಮನೆಯ ಮುದುಕಿ. ಮಗ ಸೊಸೆಯನ್ನು ಕರೆದುಕೊಂಡು ಕೆಳಗಿನ ಮನೆ ನೋಡಲು ಬಂದಿದ್ದಳು. ಮಹಾಂತೇಶ ನಲ್ಲಿ ತಿರುವಿ ತೋರಿಸಿದ, ದೀಪ ಹಚ್ಚಿ ಆರಿಸಿದ. ಮುದುಕಿ ಜಗಲಿಗೆ ಕೈ ಮುಗಿದು, ಹಾಗೇ ತಲೆ ಎತ್ತಿ ಮಾಳಿಗೆ ನೋಡಿದಳು.

‘ಇದರ ಮ್ಯಾಲೆ ಏನೈತೋ, ತಮ್ಮಾ?’

‘ಮ್ಯಾಲಿನ ಮನೀ ಬಾತ್‌ರೂಮು ಬರ್ತೈತ್ರಿ, ಅಮ್ಮಾರ.’

‘ಬಾತ್‌ರೂಮಿನ್ಯಾಗ ಏನೇನ ಐತಿ?’

‘ಎಲ್ಲಾ ಐತ್ರಿ. ಶಾವರ, ಕಮೋಡ…’

‘ಕಮೋಡಂದ್ರ?’

ಮಹಾಂತೇಶ ನನ್ನ ಮುಖ ನೋಡಿದ. ನಾನು ಹೊರಗೆ ದನದ ಸಂತೆ ನೋಡುತ್ತ ನಿಂತೆ. ಸೊಸೆ ಕಿವಿಯಲ್ಲಿ ಹೇಳಿದಳು. ಮುದುಕಿ ಸೆರಗು ಕೊಡವಿಕೊಂಡಳು. ‘ಅಂದ್ರ ನಾ ಇಲ್ಲಿ ಕುಂತು ಪೂಜಿ ಮಾಡೂದು, ಅಂವ ಅಲ್ಲಿ ಕುಂತು… ನಡೀ ಮಗನ, ಬಸ್ಸು ಹೋಗ್ತೈತಿ.’ ಆಕೆ ಬಸ್ಸಿನಲ್ಲಿ ಊರು ಮುಟ್ಟುವ ಮೊದಲೇ ಸುದ್ದಿ ನಾಲ್ಕೂ ತಾಲೂಕು ಮುಟ್ಟಿತು. ಮೇಲಿನ ಮನೆಗೆ ದಕ್ಷಿಣದ ಕಡೆಯ ಬ್ಯಾಂಕ್ ಸಾಹೇಬ ಬಂದ, ಅವನ ತಲೆಯ ಮೇಲೆ ತಗಡು ಬಿಟ್ಟರೆ ಏನೂ ಇರಲಿಲ್ಲ. ಕೆಳಗಿನ ಸಿಟಿ ಹೋಮಿಗೆ ಒಂದು ನಾಯಿಯೂ ಬರಲಿಲ್ಲ. ನಾನು ಎಷ್ಟು ನಕ್ಕೆನೆಂದರೆ, ನೀನಿದ್ದಿದ್ದರೆ ಸಾಕು ಮಾಡ್ರಿ ಅನ್ನುತ್ತಿದ್ದೆ.

ಹಾಗೆ ನಗುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಶಾರದಾ ಸಾಲೆಯಿಂದ ಬಂದು, ಚೀಲ ಗೂಟಕ್ಕೆ ಹಾಕಿ, ನಿಂತೇ ಹೇಳಿದಳು. ಹಂಸಭಾವಿಯ ಸಾಲೆಯಿಂದ ಹಾನಗಲ್ಲಿನ ಸಾಲೆಗೇ ವರ್ಗವಾಗಿದೆ ಅವಳಿಗೆ, ನಿನಗೆ ಗೊತ್ತಿಲ್ಲ.

‘ಅಪ್ಪಾ, ಗಿರಣಿ ಕೆಳಗಿನ ಮನಿ ನಾ ಬಾಡಿಗಿ ಹಿಡದೇನಿ. ಮಹಾಂತೇಶಣ್ಣಗ ಹೇಳಿ ಬಂದೇನಿ.’

‘ಇಂಪಾಸಿಬಲ್’ ಎಂದೆ.

‘ಯಾಕ?’

‘ದೇವರ ನೆತ್ತೀ ಮ್ಯಾಲೆ…’

‘ದೇವರನ್ನ ಎದುರಿನ ಗ್ವಾಡಿಗೆ ಇಡ್ತೇನಿ. ಆ ಕಟ್ಟಿ ಮ್ಯಾಲೆ ಸಾಲಿ ಹುಡುಗ್ರ ವಹಿ ಇಟ್ಕೋತೇನಿ.’

‘ಮಂದಿ ಏನಂತಾರ?’

‘ಮಂದಿ ಅಂದು ಹೋಗ್ಯಾರಲ್ಲ, ಅದಕ್ಕ ಖಾಲಿ ಐತಿ.’

ನಾನೇನು ಸುಮ್ಮನಿರುವವನೇ? ಎರಡು ವಾರ ಮಾತಾಡಿದೆ. ನಿಂತುಕೊಂಡು ಅಡುಗೆ ಮಾಡುವ ಆ ಕಟ್ಟೆಯ ಮೇಲೆ ರೊಟ್ಟಿ ಬಡಿಯುವುದು ಹೇಗೆ ಎಂದೆ. ತುದಿಗಾಲಿನಲ್ಲಿ ನಿಂತು ಬಡಿಯಬೇಕು ಅಷ್ಟೇ. ಉಣ್ಣುವ ಜಾಗದ ಪಕ್ಕದಲ್ಲೇ ಮುಖ ತೊಳೆಯುವ ತಟ್ಟೆ, ಮಲಗುವ ಜಾಗದ ಪಕ್ಕದಲ್ಲೇ ಪಾಯಖಾನೆ, ಇದು ಮನೆಯೋ ಆಸ್ಪತ್ರೆಯೋ ಎಂದೆ. ಸಿವಿಲೈಜೇಶನ್ ಎಂದರೆ ಕೊಳೆಯನ್ನು ದೂರ ಇಡುವುದು ಎಂದು ಯಾವನೋ ಇಂಗ್ಲಿಷಿನವನು ಹೇಳಿದ್ದಾನೆ ಎಂದೆ. ಯಾರೂ ಹೇಳಿರಲಿಕ್ಕಿಲ್ಲ, ನಾನೇ ಹೇಳಿದ್ದು. ಶಾರದಾ ವಹಿ ತಿದ್ದುತ್ತಿದ್ದಳು. ಪೆನ್ನಿನ ಮುಚ್ಚಳ ಹಾಕಿದಳು.

‘ದೂರ ಇತ್ತಲ್ಲ ಅಪ್ಪಾ ನಮ್ಮನ್ಯಾಗ. ಹಿತ್ತಲ ತುದೀಗೆ, ಮೂರು ಮನಿಗೆ ಸೇರಿ ಒಂದು. ಅವ್ವಗ ಜಡ್ಡಾದಾಗ ನಾಲ್ಕ ತಿಂಗಳು ರಜಾ ಹಾಕಿ ಬಂದು ಆಕೀನ್ನ ನನ್ನ ಹೆಗಲ ಮ್ಯಾಲೆ ಕೈ ಹಾಕ್ಸಿ ಅಲ್ಲೀತನಕ ಕರ್ಕೊಂಡ ಹೋದಾಕಿ ನಾನು. ದಾರ್‍ಯಾಗ ಎರಡ ಸಲ ಕುಂಡ್ರತಿದ್ಲು. ಬಾಜೂ ಮನಿಯವರು ಚರಿಗಿ ಹಿಡಕೊಂಡು ನಿಂತಿದ್ರ, ತಾ ಹಿಂದ ಸರದು, ಮೊದಲು ನೀವು ಹೋಗ್ರಿ ಅಂತಿದ್ಲು. ನಿಮಗ ಗೊತ್ತೈತೇನು?’

ಏನು ಗೊತ್ತು ನನಗೆ? ಆ ಹೊತ್ತಿಗೆ ನಾನು ಮುಂದಿನ ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತಿದ್ದೆ. ಓದುತ್ತಿದ್ದೆನೇ? ಹಾಳೆಯನ್ನು ಮುಖಕ್ಕಿಂತ ಎತ್ತರ ಹಿಡಿದಿದ್ದೆ. ಗಂಡಸರು ನೋಡಬಾರದು ಎಂದು ನಮ್ಮಲ್ಲಿ ಇರುವುದು ನಿಜ. ಆದರೆ ಕೇಳಬಾರದು ಎಂದೇನೂ… ನೀನಾದರೂ ಒಂದು ದಿನ ಹೇಳಬಹುದಿತ್ತಲ್ಲ? ಹೇಳಿದ್ದರೆ ನಾನು ಏನನ್ನುತ್ತಿದ್ದೆ ಎಂಬುದೂ ನಿನಗೆ ಗೊತ್ತಿತ್ತು, ಬಿಡು.

ಇಲ್ಲಿಗೆ, ಗಿರಣಿಯ ಕೆಳಗಿನ ಮನೆಗೆ ಬಂದು ಎಂಟು ದಿನವಾಯಿತು. ಮನೆ ಹಿಡಿದ ಕಾಗದ ಶಾರದಾನ ಹೆಸರಿನಲ್ಲಿದೆ. ನಿನ್ನ ದೇವರುಗಳು ಎದುರಿನ ಗೋಡೆಯ ಹಲಗೆಯ ಮೇಲೆ ಆರಾಮಾಗಿದ್ದಾರೆ, ಅವರ ಮೇಲೆ ಬ್ಯಾಂಕ್ ಸಾಹೇಬರ ಅಡುಗೆಮನೆ ಬರುತ್ತದೆ, ನಾನೇ ಏರಿ ಹೋಗಿ ವಿಚಾರಿಸಿಕೊಂಡು ಬಂದೆ. ಮುಂಜಾನೆ ಅವರು ಪಾಯಖಾನೆಯ ಸರಪಳಿ ಎಳೆದರೆ ಮನೆಯಲ್ಲೆಲ್ಲ ಹಳ್ಳ ಬಂದ ಸಪ್ಪಳ; ದಿನಾ ಬೈಯುತ್ತೇನೆ. ಗುಲಾಬಿ ಬಣ್ಣಕ್ಕೆ, ಬೋರ್ಡಿಗೆ, ಆ ಇಂಜಿನಿಯರಿನ ಕನ್ನಡಕಕ್ಕೆ ಈಗಲೂ ನನ್ನ ಧಿಕ್ಕಾರ ಹಾಗೇ ಇದೆ, ಅದರಲ್ಲಿ ಒಂದು ಗುಂಜಿ ಕಡಿಮೆಯಾಗಿಲ್ಲ.

ನಿನ್ನೆ ಹಳೆಯ ಮನೆಯ ಕೀಲಿ ಕೊಡಲು ಹೋಗಿದ್ದೆ. ಕೊಡುವ ಮೊದಲು ನೀನು ಮಲಗುತ್ತಿದ್ದ ಮೂಲೆಯಲ್ಲಿ ನಿಂತು, ಅಲ್ಲಿಂದ ಹಿತ್ತಲ ತುದಿಯ ತನಕ ನಡೆದೆ. ಮೂರು ಮೆಟ್ಟಿಲು ಇಳಿಯಬೇಕು, ಬಚ್ಚಲ ನೀರಿನ ಗಟಾರ ದಾಟಬೇಕು. ಎಪ್ಪತ್ತೊಂದು ಹೆಜ್ಜೆ. ಅದೂ ನನ್ನ ಕಾಲಿನವು, ನಿನ್ನವು ಎಷ್ಟಾಗುತ್ತಿದ್ದವೋ. ಮನೆಗೆ ಬಂದು ಇಲ್ಲಿಯೂ ಹಾಸಿಗೆಯಿಂದ ಎಣಿಸಿದೆ.

ಒಂಬತ್ತು.

ಶಾರದಾನ ಅಪ್ಪ