ಹದ್ದಿನ ಮರಿಗೆ ಹಾಲನ್ನ

ವಿಜಯನಗರ, ಬೆಂಗಳೂರು
೧೯-೨-೨೦೨೬

ನನ್ನ ಕಂದಾ ಅನಘಾ,

ಹೇಗಿದ್ದೀಯೆ? ಕಾಡಿನ ಕ್ಯಾಂಪಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿದೆಯೇ? ಫೋನು ಸಿಗದ ಕಡೆ ಹೋಗಿ ಕುಳಿತಿದ್ದೀಯಲ್ಲ, ಅದಕ್ಕೇ ಈ ಕಾಗದ. ನಾವಿಬ್ಬರೂ ಕ್ಷೇಮ. ನಿನ್ನಜ್ಜನ ಮಂಡಿನೋವು ಹಾಗೇ ಇದೆ, ಮೆಟ್ರೋ ಮೆಟ್ಟಿಲು ಹತ್ತಿಯೇ ತೀರುತ್ತೇನೆಂಬ ಹಟವೂ ಹಾಗೇ ಇದೆ.

ಮರ ಕಡಿದಾಗ ಬಿದ್ದವೆಂದು ನೀನು ತಂದು, ನಮ್ಮ ಟೆರೇಸಿನಲ್ಲಿ ಬಿಟ್ಟುಹೋದ ಎರಡು ಹದ್ದಿನ ಮರಿಗಳಲ್ಲಿ ದೊಡ್ಡದು ಮಂಗಳವಾರ ಬೆಳಿಗ್ಗೆ ಸತ್ತುಹೋಯಿತು. ಹೇಗೆ ಬರೆಯಲಿ ಎಂದು ಎರಡು ದಿನ ಪೆನ್ನು ಹಿಡಿಯಲಿಲ್ಲ. ತಪ್ಪು ನನ್ನದೇ. ಎದುರು ಮನೆಯ ಮಹದೇವ್ ನೀನು ಹೇಳಿದಂತೆ ದಿನಾ ಕೋಳಿಮಾಂಸದ ಚೂರು ತಂದು ತಿನ್ನಿಸಿ ಹೋಗುತ್ತಿದ್ದ. ಶಿವರಾತ್ರಿ ಹತ್ತಿರ ಬಂತು. ಲಿಂಗಪೂಜೆ ನಡೆಯುವ ಮನೆಯ ಮೇಲೆ ಮಾಂಸವೇ ಎಂದು ನನ್ನ ಮನಸ್ಸು ಒಪ್ಪಲಿಲ್ಲ. ಒಂದು ವಾರ ಬರಬೇಡಪ್ಪ, ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವನು ಮಾದಪ್ಪನ ಬೆಟ್ಟಕ್ಕೆ ಹೊರಟುಹೋದ. ನಾನು ಹಾಲಿಗೆ ಅನ್ನ ಕಿವುಚಿ ಚಮಚದಲ್ಲಿ ತಿನ್ನಿಸಿದೆ. ತಿಂದವು ಕಣೇ, ಗಬಗಬ ನುಂಗಿದವು. ನೋಡಿ, ಹದ್ದಿಗೂ ಲಿಂಗದೀಕ್ಷೆಯಾಯಿತು ಎಂದು ನಿನ್ನಜ್ಜನ ಮುಂದೆ ಬೀಗಿದೆ. ಹೊಟ್ಟೆ ತುಂಬಿದ್ದು ಕಂಡಿತು, ಮೈ ಸೊರಗಿ ಎದೆಮೂಳೆ ಎದ್ದದ್ದು ಕಾಣಲಿಲ್ಲ.

ಹೊರಡುವ ಮುನ್ನ ನೀನು ಪಾಠ ಮಾಡಿದ್ದೆ, "ಎಲ್ಲಾ ಬಿಸಿಲೇ ಕಣಜ್ಜಿ. ಬಿಸಿಲು ಜೋಳಕ್ಕೆ ಹೋಗುತ್ತೆ, ಜೋಳದಿಂದ ಕೋಳಿಗೆ, ಕೋಳಿಯಿಂದ ಹದ್ದಿಗೆ" ಅಂತ. ಪ್ರತಿ ಜೀವವೂ ತಾನು ಬದುಕುವುದಕ್ಕೇ ಬಹುಪಾಲು ಖರ್ಚು ಮಾಡಿಕೊಂಡು, ಮುಂದಿನದಕ್ಕೆ ಚೂರು ಮಾತ್ರ ಉಳಿಸುತ್ತದೆ ಎಂದಿದ್ದೆ. ಪಂಕ್ತಿಯ ಕೊನೆಗೆ ಕುಳಿತವರಿಗೆ ಪಾಯಸ ಬಂದ ಹಾಗೆ ಎಂದು ನಾನು ನಕ್ಕಿದ್ದೆ. ಅನ್ನದಲ್ಲೂ ಅದೇ ಬಿಸಿಲಿರುವಾಗ ನಡುವೆ ಕೋಳಿ ಯಾಕೆ ಸಾಯಬೇಕು ಎಂಬುದು ನನ್ನ ಜಾಣತನ. ಅನ್ನದಲ್ಲಿ ಬಿಸಿಲಿರುವುದು ಸುಳ್ಳಲ್ಲ, ಆದರೆ ಹದ್ದಿನ ಮೈಗೆ ಅದನ್ನು ಅಲ್ಲಿಂದ ತೆಗೆದುಕೊಳ್ಳಲು ಬಾರದು. ಒಂದು ಜೀವ ಉಳಿಸುತ್ತೇನೆಂದು ಇನ್ನೊಂದನ್ನು ಹಸಿವಿನಿಂದ ಕೊಂದೆ. ಸಂಕಟವಾಗುತ್ತದೆ ಕಂದಾ. ನಿನ್ನಜ್ಜ ಅದನ್ನು ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿ, ಮೇಲೆ ಚಿಟಿಕೆ ವಿಭೂತಿ ಹಾಕಿದರು.

ಕೋಪ ಬಂದರೆ ಬೈದು ಬರೆ, ಮಾತು ಮಾತ್ರ ಬಿಡಬೇಡ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಜ್ಜಿ,
ಬಸವರಾಜೇಶ್ವರಿ

ತಾ.ಕ.: ಪೋಸ್ಟಿಗೆ ಹೊತ್ತಾಯಿತು. ಚಿಕ್ಕದು ಬದುಕಿದೆ. ಮಹದೇವ್ ಇನ್ನೂ ಬೆಟ್ಟದಿಂದ ಬಂದಿಲ್ಲ. ಮಂಗಳವಾರವೇ ತಲೆತುಂಬ ಸೆರಗು ಹೊದ್ದು ನಾನೇ ಮಾಂಸದಂಗಡಿಗೆ ಹೋದೆ. ಮಾಂಸದ ಚೂರು ಚಮಚದಿಂದ ಜಾರುತ್ತಿತ್ತು, ಕೈಯಲ್ಲೇ ತಿನ್ನಿಸಿದೆ. ನಿನ್ನಜ್ಜ ನನ್ನ ಸ್ನಾನಕ್ಕೆ ನೀರು ಕಾಯಿಸಿಟ್ಟರು. ಇವತ್ತು ನನ್ನ ಕೈ ಕಂಡೊಡನೆ ಅದು ಬಾಯಿ ತೆರೆಯಿತು. ಒಂದು ವಾರ ಮೊದಲೇ ಈ ಕೈ ಚಾಚಿದ್ದರೆ ಎರಡೂ ತೆರೆಯುತ್ತಿದ್ದವು.