ನಿಮ್ಮ ಎಲೆಗೆ ಬಡಿಸಿದ ಹುಡುಗಿ

ಪುಣೆ, ಜನವರಿ ೨೦೦೭

ವಿದ್ಯಾರ್ಥಿನಿ ನಿಲಯದ ಮಾನ್ಯ ಅಧ್ಯಕ್ಷರೇ,

ನನ್ನ ತಂಗಿಯ ಮಗಳು ಶೀತಲ್‌ಳನ್ನು, ಹನ್ನೆರಡನೇ ಇಯತ್ತೆಯ ಪರೀಕ್ಷೆ ಎದುರಿಗಿರುವಾಗ, ನಿಮ್ಮ ನಿಲಯದಿಂದ ಹೊರಹಾಕಿದ್ದೀರಿ. ಅಪರಾಧ: ರವಿವಾರ ನನ್ನ ಅಡುಗೆ ಗುತ್ತಿಗೆಯಲ್ಲಿ ಬಡಿಸುವ ಕೆಲಸ ಮಾಡಿ ಪಗಾರ ಪಡೆದದ್ದು. ಓದುವ ಮಕ್ಕಳು ದುಡಿಯಬಾರದೆಂಬ ನಿಮ್ಮ ತತ್ವಕ್ಕೆ ಪುಣೆಯ ಕನ್ನಡಿಗರೆಲ್ಲ ಕೈಮುಗಿಯಬೇಕು. ನಾನು ಮಾತ್ರ ಮುಗಿಯಲಾರೆ, ಕೈಯಲ್ಲಿ ಸೌಟಿದೆ.

ಮಗರಪಟ್ಟಾದ ಆ ಲಗ್ನದ ಪಂಕ್ತಿಯಲ್ಲಿ ನೀವೇ ಕುಳಿತಿದ್ದಿರಿ. ಹುಡುಗಿ ಎದುರಿಗೆ ಬಂದಾಗ ಗುರುತೂ ಹಿಡಿದಿರಿ. ಅಲ್ಲೇ ಎದ್ದು ಗದರಿಸಿದ್ದರೆ ನಿಮ್ಮ ತತ್ವಕ್ಕೊಂದು ಮರ್ಯಾದೆ ಇರುತ್ತಿತ್ತು. ಆದರೆ ಹೋಳಿಗೆ ಬಿಸಿಯಿತ್ತು. "ತುಪ್ಪ ಇನ್ನಷ್ಟು ಹಾಕವಾ" ಎಂದು ಅವಳ ಕೈಯಿಂದಲೇ ಹಾಕಿಸಿಕೊಂಡು, ತಿಂದು, ತೇಗಿ, ಮರುದಿನ ಅವಳ ಟ್ರಂಕನ್ನು ಬೀದಿಗೆ ಇಡಿಸಿದಿರಿ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆ. ಬಡಿಸಿದವಳ ಗಂಟು ಎಸೆಯುವವರನ್ನು ನಿಮ್ಮಿಂದಾಗಿ ಕಂಡೆ.

ಹೋದ ವರ್ಷ ನಿಮ್ಮ ಬಸುರಿ ಸೊಸೆಯ ಕುಬಸಕ್ಕೆ ಇದೇ ನಿಲಯದ ಹುಡುಗಿಯರು ದಿನವಿಡೀ ಬಡಿಸಿದರಲ್ಲ, ಎಂಜಲೆಲೆ ತೆಗೆದರಲ್ಲ, ಆಗ ಅವರ ಓದು ಎಲ್ಲಿಗೆ ಹೋಗಿತ್ತು? ಅದು ಸೇವೆ ಎನ್ನುತ್ತೀರಿ. ಅಂದರೆ ಕೂಲಿ ಕೊಡದಿದ್ದರೆ ಸಂಸ್ಕಾರ, ಕೊಟ್ಟರೆ ಸರ್ವನಾಶ! ಓದನ್ನು ಕೆಡಿಸುವುದು ಕೆಲಸವಲ್ಲ, ಪಗಾರ ಎಂಬ ಈ ಸಂಶೋಧನೆಗೆ ನಿಮಗೆ ಶಾಲು ಹೊದಿಸಬೇಕು.

ಓದು ಬಿಡಿಸಿ ಮಕ್ಕಳನ್ನು ದುಡಿಸುವವರನ್ನು ಜೈಲಿಗೆ ಹಾಕಿ, ಬೇಡವೆನ್ನುವುದಿಲ್ಲ. ಆದರೆ ವಾರಕ್ಕೊಂದು ಮಧ್ಯಾಹ್ನ ಮೈಬಗ್ಗಿಸಿ, ಆ ದುಡ್ಡಲ್ಲಿ ಸ್ವಂತದ್ದೊಂದು ಕೈಗಡಿಯಾರ ಕೊಂಡ ಹುಡುಗಿ ಕೆಟ್ಟಳೇ? "ಬಡತನ ಇದ್ರ ಅರ್ಜಿ ಕೊಡಬೇಕಿತ್ತು, ದಾನಿಗಳು ಅದಾರ" ಎಂದಿರಂತೆ. "ಬಡತನ ಇಲ್ರಿ. ನನಗ ಕೆಲಸ ಮಾಡೂದು ಸೇರ್ತದ" ಎಂದಳಂತೆ. ಆ ಉತ್ತರವೇ ನಿಮಗೆ ಚುಚ್ಚಿತು. ಕೈಚಾಚಿ ನಿಂತಿದ್ದರೆ ತಲೆ ಸವರಿ ಫೋಟೋ ತೆಗೆಸಿಕೊಳ್ಳುತ್ತಿದ್ದಿರಿ.

ಅಷ್ಟಕ್ಕೇ ಬಿಟ್ಟಿದ್ದರೂ ಸಹಿಸುತ್ತಿದ್ದೆ. ಶಿರೂರಿನಲ್ಲಿರುವ ಅವಳ ತಂದೆ ಶಿವಪ್ರಕಾಶರಿಗೆ ಫೋನ್ ಮಾಡಿ, "ನಿಮ್ಮ ಮಗಳು ರವಿವಾರ ಎಲ್ಲಿ ಹೋಗ್ತಾಳೋ ನಮಗ ಗೊತ್ತಿಲ್ರಿ" ಎಂದಿರಿ. ಗೊತ್ತಿರಲಿಲ್ಲವೇ? ಆ ಒಂದು ಮಾತಿಗೆ ಅವರು ಅವಳನ್ನು ಊರಿಗೆ ಎಳೆದೊಯ್ದಿದ್ದಾರೆ. ಪರೀಕ್ಷೆ ಬೇಡ, ವರ ನೋಡೋಣ ಎನ್ನುತ್ತಿದ್ದಾರೆ. ನಾನು ಹೋಗಿ ನಡೆದದ್ದನ್ನು ಹೇಳಿದೆ. "ನೀವು ಅಕಿ ಸ್ವಾದರಮಾವ, ಮುಚ್ಚಿ ಹಾಕ್ಲಿಕ್ಕೇ ಬಂದೀರಿ" ಎಂದು ಬಾಗಿಲಲ್ಲೇ ನಿಲ್ಲಿಸಿದರು. ಒಳಗಿನಿಂದ ಹುಡುಗಿ ಅಳುವುದು ಕೇಳುತ್ತಿತ್ತು. ನಿಮ್ಮ ಮೇಲೆ ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಿಮ್ಮ ನಿಲಯದ ಕೋಣೆ ನಿಮಗೇ ಇರಲಿ. ತಂದೆ ಕಳಿಸಿಕೊಟ್ಟರೆ ಅವಳು ನಮ್ಮ ಮನೆಯಲ್ಲಿದ್ದು ಪರೀಕ್ಷೆ ಬರೆಯುತ್ತಾಳೆ. ನನ್ನ ಬೇಡಿಕೆ ಬೇರೆ. ಈ ವಾರವೇ ಶಿರೂರಿಗೆ ಹೋಗಿ, ನಾಲ್ಕು ಜನರೆದುರು ಅವಳ ತಂದೆಗೆ ಹೇಳಿ: "ನಿಮ್ಮ ಮಗಳು ಎಲ್ಲಿದ್ದಳು ಅಂತ ನನಗ ಗೊತ್ತಿತ್ತು. ನಾ ಸುಳ್ಳು ಹೇಳಿದೆ." ನನ್ನ ಮಾತನ್ನು ಅವರು ನಂಬುವುದಿಲ್ಲ. ನಿಮ್ಮದನ್ನು ನಂಬುತ್ತಾರೆ, ನೀವು ದೊಡ್ಡ ಮನುಷ್ಯರಲ್ಲವೇ.

ಇಂತಿ,
ತಂಗಿಯ ಮನೆಯ ಹೊಸ್ತಿಲು ಕಳೆದುಕೊಂಡ
ಅಂಬಾರಾಯ
ಅಡುಗೆ ಗುತ್ತಿಗೆದಾರ